ಮೆಲೋಡಿಕ್ ರಾಕ್ ಹಾಡನ್ನು ಪತ್ರಿಕೆ, ರೇಡಿಯೊ ಮೂಲಕ ಕೇಳುಗರಿಗೆ ಮುಟ್ಟಿಸುವುದು: ಬೆಳಗಾವಿ ಭಾಗದ ಬ್ಯಾಂಡ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಬ್ಯಾಂಡ್‌ಗಳ ಪ್ರಚಾರದ ಕೆಲಸ ನೋಡಿಕೊಳ್ಳುವುದರಿಂದ ನನಗೆ ಬರುವ ಫೋನ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಸರ್, ಹಾಡು ರೆಡಿ ಆಗೇತ್ರಿ. ಮುಂದ ಏನ್ ಮಾಡೂದು?" ಉತ್ತರಗಳು ಒಂದೇ ಕಡೆ ಸಿಗಲಿ ಅಂತ ಇಲ್ಲಿ ಬರೆದಿಟ್ಟಿದ್ದೇನೆ. ಎಲ್ಲವೂ ಮೆಲೋಡಿಕ್ ರಾಕ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಡೆತ್ ಮೆಟಲ್ ಮಾಡುವವರಿಗೆ ಅರ್ಧ ಮಾತ್ರ ಉಪಯೋಗಕ್ಕೆ ಬರಬಹುದು.

ಮೆಲೋಡಿಕ್ ರಾಕ್ ಅಂದರೆ ಏನ್ರಿ ಅಂತ ವರದಿಗಾರರು ಕೇಳಿದರೆ ಏನು ಹೇಳಬೇಕು?

ಗಿಟಾರ್, ಡ್ರಮ್ಸ್ ಜೋರಾಗಿಯೇ ಇರುತ್ತವೆ. ಆದರೆ ಯಜಮಾನಿಕೆ ಧಾಟಿಯದು. ಪಲ್ಲವಿ ಒಂದು ಸಲ ಕೇಳಿದರೆ ಬಾಯಲ್ಲಿ ಉಳಿಯುತ್ತದೆ. ಎರಡು ಮೂರು ದನಿ ಸೇರಿ ಹಾಡುತ್ತವೆ, ಹಿಂದೆ ಕೀಬೋರ್ಡ್ ತುಂಬಿಕೊಂಡಿರುತ್ತದೆ. ಇಷ್ಟು ಹೇಳಿ ಸುಮ್ಮನಾಗಿ. ನಂತರ ಫೋನಿನಲ್ಲಿ ನಿಮ್ಮ ಪಲ್ಲವಿ ಕೇಳಿಸಿ.

ನಿಮಗೆ ಗೊತ್ತಿರಲಿ ಅಂತ ಸ್ವಲ್ಪ ಹಿನ್ನೆಲೆ. ಬೋಸ್ಟನ್, ಜರ್ನಿ, ಟೋಟೊ, ಫಾರಿನರ್, ಡೆಫ್ ಲೆಪರ್ಡ್ ಇವೆಲ್ಲ ಈ ಸಾಲಿನ ದೊಡ್ಡ ಬ್ಯಾಂಡ್‌ಗಳು. ಬೋಸ್ಟನ್‌ನ ಮೊದಲ ಆಲ್ಬಂ ಬಂದದ್ದು 1976ರಲ್ಲಿ. ಈ ಸಂಗೀತ ಬೆಳೆದದ್ದೇ ರೇಡಿಯೊದ ಹೆಗಲ ಮೇಲೆ. ಅಮೆರಿಕದ ಎಫ್‌ಎಂ ಸ್ಟೇಷನ್‌ಗಳು 70ರ ದಶಕದಲ್ಲಿ ಹಿಟ್ ಸಿಂಗಲ್ ಅಷ್ಟನ್ನೇ ತಿರುಗಿಸುವುದು ಬಿಟ್ಟು, ಆಲ್ಬಂನ ಬೇರೆ ಹಾಡುಗಳನ್ನೂ ಹಾಕತೊಡಗಿದವು. ಅದಕ್ಕೇ ಎಒಆರ್ (ಆಲ್ಬಂ ಓರಿಯೆಂಟೆಡ್ ರಾಕ್) ಅನ್ನುವ ಹೆಸರು ಬಂತು. ಲೀ ಏಬ್ರಮ್ಸ್ ಎಂಬ ಸಲಹೆಗಾರ ಇದನ್ನೊಂದು ಸಿದ್ಧ ಪದ್ಧತಿ ಮಾಡಿ ಊರೂರಿನ ಸ್ಟೇಷನ್‌ಗಳಿಗೆ ಕೊಟ್ಟ. ಇಂಗ್ಲೆಂಡಿನಲ್ಲಿ 1978ರಲ್ಲಿ ಬಿಬಿಸಿ ರೇಡಿಯೊ 1 ಶುಕ್ರವಾರ ರಾತ್ರಿಯ ರಾಕ್ ಕಾರ್ಯಕ್ರಮ ಶುರು ಮಾಡಿತು. 1981ರಲ್ಲಿ 'ಕೆರಾಂಗ್' ಪತ್ರಿಕೆ ಮೊದಲು ಇನ್ನೊಂದು ವಾರಪತ್ರಿಕೆಯ ಪುರವಣಿಯಾಗಿ ಹೊರಬಂತು. ಒಂದು ಕಡೆ ಹಾಡು ಕೇಳಿ, ಇನ್ನೊಂದು ಕಡೆ ಅದರ ಬಗ್ಗೆ ಓದಿ, ಆಮೇಲೆ ಕ್ಯಾಸೆಟ್ ಅಂಗಡಿಗೆ ಹೋಗುವುದು ಆ ಕಾಲದ ಕೇಳುಗರ ರೂಢಿ.

ಆದರೆ ಇದನ್ನೆಲ್ಲ ವರದಿಗಾರರಿಗೆ ಹೇಳಬೇಡಿ. ಅವರಿಗೆ ಬೇಕಾಗಿರುವುದು ನಿಮ್ಮ ಸುದ್ದಿ, ಬೋಸ್ಟನ್‌ದಲ್ಲ.

ನಮ್ಮ ಕಡೆ ಇದನ್ನು ಕೇಳುವವರು ಇದ್ದಾರಾ?

ಇದ್ದಾರೆ, ಆದರೆ "ನಾವು ರಾಕ್ ಫ್ಯಾನ್ಸ್" ಅಂತ ಹೇಳಿಕೊಳ್ಳುವವರು ಕಡಿಮೆ. ನಮ್ಮ ಭಾಗದ ಕಿವಿ ಧಾಟಿಗೆ ಒಗ್ಗಿದ ಕಿವಿ. ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ, 1924ರಲ್ಲಿ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾ ಸಂಗೀತಕ್ಕಾಗಿ ನವರಸಪುರ ಅನ್ನುವ ಊರನ್ನೇ ಕಟ್ಟಹೊರಟವನು. ಹಲಸಂಗಿ ಗೆಳೆಯರು ಹಳ್ಳಿ ತಿರುಗಿ ಹಾಡು ಕೂಡಿಸಿದ್ದು ಇದೇ ಸೀಮೆಯಲ್ಲಿ. ಕಂಪನಿ ನಾಟಕದ ರಂಗಗೀತೆ, ಭಜನೆ, ಲಾವಣಿ ಎಲ್ಲವೂ ನಿಂತಿರುವುದು ತಿರುಗಿ ತಿರುಗಿ ಬರುವ ಪಲ್ಲವಿಯ ಮೇಲೆ.

ಹಾಗಾಗಿ ಕೇಳುಗರನ್ನು ಹುಡುಕುವಾಗ ಗಿಟಾರ್ ಪ್ರಿಯರನ್ನಷ್ಟೇ ಹುಡುಕಬೇಡಿ. ಭಾವಗೀತೆ ಕೇಳುವ ಶಿಕ್ಷಕರು, ಕಾಲೇಜು ಹಾಸ್ಟೆಲ್‌ನ ಹುಡುಗರು, ಕ್ಯಾಂಪ್ (ದಂಡು ಪ್ರದೇಶ) ಕಡೆ ಇಂಗ್ಲಿಷ್ ಹಾಡು ಕೇಳಿ ಬೆಳೆದ ಹಿರಿಯರು, ಇವರೆಲ್ಲ ನಿಮ್ಮವರೇ. ಅವರು ಪತ್ರಿಕೆ ಓದುತ್ತಾರೆ, ರೇಡಿಯೊ ಹಚ್ಚುತ್ತಾರೆ.

ಯೂಟ್ಯೂಬ್, ಇನ್‌ಸ್ಟಾಗ್ರಾಂ ಇರುವಾಗ ಪತ್ರಿಕೆ, ರೇಡಿಯೊ ಯಾಕೆ ಬೇಕು?

ಅವನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ನಿಮ್ಮ ಹಾಡು ನೋಡುವವರು ಮೊದಲಿಗೆ ನಿಮ್ಮ ಗೆಳೆಯರೇ ಅಲ್ವಾ? ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ ಬಂದರೆ ನಿಮ್ಮ ಕಾಲೇಜಿನ ಪ್ರಾಂಶುಪಾಲರು ನೋಡುತ್ತಾರೆ. ಗಣೇಶೋತ್ಸವ ಮಂಡಳಿಯವರು ನೋಡುತ್ತಾರೆ. ಮುಂದಿನ ಕಾರ್ಯಕ್ರಮಕ್ಕೆ ಕರೆಯುವವರು, ದುಡ್ಡು ಕೊಡುವವರು ಅವರೇ. ಮನೆಯಲ್ಲಿ "ಏನ್ ಮಾಡಾಕತ್ತೀರಿ ದಿನಾ ರಾತ್ರಿ?" ಅಂತ ಕೇಳುವ ಅಪ್ಪನೂ ಆ ದಿನ ಸ್ವಲ್ಪ ಮೆತ್ತಗಾಗುತ್ತಾನೆ. ಇದು ಸಣ್ಣ ಲಾಭ ಅಲ್ಲ.

ಯಾವ ರೇಡಿಯೊದಿಂದ ಶುರು ಮಾಡಬೇಕು?

ಸಮುದಾಯ ರೇಡಿಯೊದಿಂದ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ವೇಣುಧ್ವನಿ ಇದೆ, 90.4 ಎಫ್‌ಎಂ. ಸಮುದಾಯ ರೇಡಿಯೊಗಳಿಗೆ ಸರ್ಕಾರ ಹಾಕಿರುವ ನಿಯಮದ ಪ್ರಕಾರ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಸ್ಥಳೀಯ ಜನರ ಭಾಗವಹಿಸುವಿಕೆಯಿಂದಲೇ ಮಾಡಬೇಕು. ಅಂದರೆ ಊರಿನವರ ದನಿ ಅವರಿಗೆ ದಿನಾ ಬೇಕು. ನೀವು ಹೋಗಿ ಉಪಕಾರ ಕೇಳುತ್ತಿಲ್ಲ, ಅವರಿಗೆ ಬೇಕಾದದ್ದನ್ನೇ ಕೊಡುತ್ತಿದ್ದೀರಿ. ಈ ಒಂದು ಮಾತು ತಲೆಯಲ್ಲಿದ್ದರೆ ನಿಮ್ಮ ದನಿಯೇ ಬೇರೆಯಾಗುತ್ತದೆ.

ಇವುಗಳ ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್‌ಗೆ ಸೀಮಿತ. ಊರು ದಾಟಿ ಸ್ವಲ್ಪ ದೂರಕ್ಕೆ ಕೇಳುತ್ತದೆ ಅಷ್ಟೇ. ಬೆಂಗಳೂರಿಗೆ ಮುಟ್ಟುವುದಿಲ್ಲ ಅಂತ ಮೂಗು ಮುರಿಯಬೇಡಿ. ನಿಮ್ಮ ಮುಂದಿನ ಕಾರ್ಯಕ್ರಮ ಬೆಳಗಾವಿಯಲ್ಲೇ ಇದ್ದರೆ, ಟಿಕೆಟ್ ಕೊಳ್ಳುವವರು ಆ ಸುತ್ತಿನೊಳಗೇ ಇದ್ದಾರೆ.

ಎರಡನೆಯದು ಆಕಾಶವಾಣಿ. ಧಾರವಾಡ ಕೇಂದ್ರ 1950ರಿಂದ ಇದೆ. 765 ಕಿಲೋಹರ್ಟ್ಸ್ ಮೀಡಿಯಂ ವೇವ್‌ನಲ್ಲಿ ಅದರ ಪ್ರಸಾರ ಉತ್ತರ ಕರ್ನಾಟಕದ ಹಳ್ಳಿಹಳ್ಳಿ ಮುಟ್ಟಿದೆ. ವಿಜಯಪುರದಲ್ಲೂ ಆಕಾಶವಾಣಿ ಕೇಂದ್ರ ಇದೆ. ಆ ಕಡೆಯವರು ಧಾರವಾಡಕ್ಕೆ ಓಡುವ ಮೊದಲು ಅಲ್ಲಿ ವಿಚಾರಿಸಿ.

ಖಾಸಗಿ ಎಫ್‌ಎಂ ಕೊನೆಗೆ. ಅಲ್ಲಿ ಸಿನಿಮಾ ಹಾಡಿನದೇ ದರ್ಬಾರು. ಯಾವ ಹಾಡು ಹಾಕಬೇಕು ಅನ್ನುವುದು ಬಹಳ ಕಡೆ ಆರ್‌ಜೆ ಕೈಯಲ್ಲಿ ಇರುವುದಿಲ್ಲ, ಪಟ್ಟಿ ಮೇಲಿನಿಂದ ಬರುತ್ತದೆ. ಆರ್‌ಜೆ ಮೇಲೆ ಸಿಟ್ಟಾಗಿ ಏನೂ ಉಪಯೋಗ ಇಲ್ಲ. ಹಾಡಿನ ಬದಲು ಮಾತಿಗೆ ಜಾಗ ಕೇಳಿ. ಊರಿನಲ್ಲಿ ಏನು ನಡೆಯುತ್ತಿದೆ ಅಂತ ಹೇಳುವಾಗ ನಿಮ್ಮ ಕಾರ್ಯಕ್ರಮದ್ದೂ ಒಂದು ಸಾಲು ಹೇಳಿಸುವುದು ಸುಲಭ.

ಆಕಾಶವಾಣಿಯಲ್ಲಿ ಹಾಡಲು ಆಡಿಷನ್ ಕೊಡಲೇಬೇಕಾ?

ಕಲಾವಿದರಾಗಿ ನಿಯಮಿತವಾಗಿ ಹಾಡಲು ಕೊಡಬೇಕು. ಅರ್ಜಿ ಹಾಕಿ, ಕರೆ ಬಂದಾಗ ಹೋಗಿ ಹಾಡಬೇಕು. ಪಾಸಾದರೆ ಬಿ, ಬಿ-ಹೈ, ಎ, ಟಾಪ್ ಅಂತ ಗ್ರೇಡ್ ಇವೆ. ಗ್ರೇಡ್‌ಗೆ ತಕ್ಕಂತೆ ಸಂಭಾವನೆ. ಪಾಶ್ಚಾತ್ಯ ಸಂಗೀತಕ್ಕೂ ಆಡಿಷನ್ ವಿಭಾಗ ಇದೆ, ಆದರೆ ಎಲ್ಲ ಕೇಂದ್ರಗಳಲ್ಲಿ ಅದು ನಡೆಯುತ್ತದೆ ಅಂತಲ್ಲ. ನಿಮ್ಮ ಗಾಯಕ ಅಥವಾ ಗಾಯಕಿ ಸುಗಮ ಸಂಗೀತದಲ್ಲಿ ಗಟ್ಟಿ ಇದ್ದರೆ ಆ ದಾರಿಯಲ್ಲಿ ಒಳಗೆ ಹೋಗಬಹುದು. ಒಳಗೆ ಪರಿಚಯ ಆದಮೇಲೆ ಬ್ಯಾಂಡ್ ವಿಷಯ ತೆಗೆಯುವುದು ಸುಲಭ.

ಬ್ಯಾಂಡ್‌ನವರು ಮೂವತ್ತರ ಒಳಗಿದ್ದರೆ ಮೊದಲು ಯುವವಾಣಿ ನೋಡಿ. ಅದು ಯುವಕರಿಗಾಗಿಯೇ 1969ರಲ್ಲಿ ದೆಹಲಿಯಲ್ಲಿ ಶುರುವಾಗಿ ಬೇರೆ ಕೇಂದ್ರಗಳಿಗೆ ಹಬ್ಬಿದ ಕಾರ್ಯಕ್ರಮ. ಸಂದರ್ಶನದ ರೂಪದಲ್ಲಿ, ನಡುವೆ ಅಕೂಸ್ಟಿಕ್ ಗಿಟಾರ್ ಹಿಡಿದು ಎರಡು ಹಾಡು ಹಾಡುವುದು ಅಲ್ಲಿ ಚೆನ್ನಾಗಿ ಹೊಂದುತ್ತದೆ. ಸ್ಟುಡಿಯೊದೊಳಗೆ ಪೂರಾ ಡ್ರಮ್ ಸೆಟ್ ಇಳಿಸುವ ಆಸೆ ಬಿಡಿ.

ರೇಡಿಯೊಗೆ ಹಾಡಿನ ಫೈಲ್ ಹೇಗೆ ಕೊಡಬೇಕು?

ಇಲ್ಲೇ ಬಹಳ ಬ್ಯಾಂಡ್‌ಗಳು ಎಡವುವುದು. ಹಾಡು ಚೆನ್ನಾಗಿದ್ದರೂ ಫೈಲ್ ಕೆಟ್ಟಿದ್ದರೆ ಅದು ಪೆನ್ ಡ್ರೈವ್‌ನಲ್ಲೇ ಮಲಗಿಬಿಡುತ್ತದೆ.

ವೇವ್ ಫೈಲ್ ಕೊಡಿ, 44.1 ಕಿಲೋಹರ್ಟ್ಸ್, 16 ಬಿಟ್. ಜೊತೆಗೆ ಎಂಪಿ3 ಒಂದು, ಫೋನಿನಲ್ಲಿ ಕೇಳಲಿಕ್ಕೆ. ಫೈಲ್ ಹೆಸರಿನಲ್ಲಿ ಬ್ಯಾಂಡ್ ಹೆಸರು, ಹಾಡಿನ ಹೆಸರು ಇರಲಿ. "ಫೈನಲ್ ಫೈನಲ್ ನ್ಯೂ 2" ಅಂತ ಹೆಸರಿಟ್ಟ ಹಾಡು ಯಾರದು ಅಂತ ಸ್ಟೇಷನ್‌ನವರು ಹುಡುಕುತ್ತಾ ಕೂರುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಫೈಲ್ ಡೌನ್‌ಲೋಡ್ ಆದಮೇಲೆ ಎಲ್ಲಿ ಹೋಯಿತು ಅಂತ ಸಿಗುವುದೇ ಇಲ್ಲ, ಅದು ಎಲ್ಲರಿಗೂ ಗೊತ್ತಿರುವ ಕಷ್ಟ.

ಹಾಡಿನ ಉದ್ದ ನಾಲ್ಕು ನಿಮಿಷದೊಳಗೆ ಇದ್ದರೆ ಒಳ್ಳೆಯದು. ಆಲ್ಬಂನಲ್ಲಿ ಆರೂವರೆ ನಿಮಿಷ ಇರಲಿ, ಬೇಡ ಅನ್ನುವವರು ಯಾರು? ರೇಡಿಯೊಗೆ ಬೇರೆ ಕಟ್ ಮಾಡಿ. ಮೊದಲಿನ ಗಿಟಾರ್ ಆಲಾಪನೆ 15 ಸೆಕೆಂಡಿಗೆ ಇಳಿಸಿ, ನಡುವಿನ ಸೋಲೊ ಅರ್ಧ ಮಾಡಿ. ಗಿಟಾರ್ ಹುಡುಗ ಎರಡು ದಿನ ಮಾತು ಬಿಡುತ್ತಾನೆ, ಆಮೇಲೆ ಸರಿಹೋಗುತ್ತಾನೆ. ಸ್ಟೇಷನ್‌ನಲ್ಲಿ ಕೇಳುವ ಮಾತು ಇದು: "ಹಾಡು ಚೊಲೊ ಐತ್ರಿ, ಆದ್ರ ದನಿ ಬರೂದ್ರಾಗ ಸುದ್ದಿ ಟೈಮ್ ಆಗತೈತಿ."

ಇನ್ನು ಸದ್ದಿನ ವಿಷಯ. ಎಫ್‌ಎಂ ಪ್ರಸಾರದಲ್ಲಿ 15 ಕಿಲೋಹರ್ಟ್ಸ್ ಮೇಲಿನ ಸದ್ದು ಹೋಗುವುದಿಲ್ಲ, ಅಲ್ಲಿಗೇ ಕತ್ತರಿಸುತ್ತಾರೆ. ಮೀಡಿಯಂ ವೇವ್‌ನಲ್ಲಿ ಇನ್ನೂ ಕಷ್ಟ. ಸುಮಾರು 4.5 ಕಿಲೋಹರ್ಟ್ಸ್ ಮೇಲಿನದು ಬಹುತೇಕ ಮಾಯ. ಸಿಂಬಲ್‌ನ ಝಣಝಣ, ಗಿಟಾರ್‌ನ ಅಂಚು, ಉಸಿರಿನ ಸದ್ದು ಏನೂ ಉಳಿಯುವುದಿಲ್ಲ. ಉಳಿಯುವುದು ದನಿ, ಧಾಟಿ, ತಾಳ. ಮೆಲೋಡಿಕ್ ರಾಕ್‌ಗೆ ಇದು ವರವೇ ಸರಿ. ಡಿಸ್ಟಾರ್ಷನ್ (ಗಿಟಾರ್‌ನ ಒಡೆದ, ಒರಟು ಸದ್ದು) ಮೇಲೆ ನಿಂತ ಹಾಡು ಅಲ್ಲಿ ಬಿದ್ದುಹೋಗುತ್ತದೆ, ಪಲ್ಲವಿ ಮೇಲೆ ನಿಂತ ಹಾಡು ಹೊಲದಲ್ಲಿನ ಹಳೇ ಟ್ರಾನ್ಸಿಸ್ಟರ್‌ನಲ್ಲೂ ದಾಟಿ ಬರುತ್ತದೆ.

ಮಿಕ್ಸ್ ಮುಗಿದ ಮೇಲೆ ಒಮ್ಮೆ ಮೊನೊ ಮಾಡಿ, ಅಂದರೆ ಎಡ ಬಲದ ಸದ್ದನ್ನು ಒಂದೇ ಆಗಿ ಸೇರಿಸಿ ಕೇಳಿ. ಎಡಕ್ಕೊಂದು ಬಲಕ್ಕೊಂದು ಇಟ್ಟ ಜೋಡಿ ಗಿಟಾರ್, ಅಗಲ ಮಾಡಿದ ಕೋರಸ್ ದನಿಗಳು ಮೊನೊದಲ್ಲಿ ಕೆಲವೊಮ್ಮೆ ಒಂದನ್ನೊಂದು ನುಂಗಿಬಿಡುತ್ತವೆ. ಸ್ಟುಡಿಯೊ ಹೆಡ್‌ಫೋನ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಇನ್ನೊಂದು ಮಾತು. ಸ್ಟೇಷನ್‌ನವರು ಜೋರು, ಮೆಲು ಸದ್ದಿನ ಅಂತರ ಕಡಿಮೆ ಮಾಡುವ ತಮ್ಮದೇ ಕಂಪ್ರೆಸರ್ ಹಾಕುತ್ತಾರೆ. ನೀವು ಮೊದಲೇ ಹಿಂಡಿ ಹಿಪ್ಪೆ ಮಾಡಿದ ಮಾಸ್ಟರ್ ಕೊಟ್ಟರೆ ಅದು ಪ್ರಸಾರದಲ್ಲಿ ಇನ್ನಷ್ಟು ಒರಟಾಗಿ ಕೇಳುತ್ತದೆ.

ಹಾಡಿನ ಜೊತೆ ಏನು ಬರೆದು ಕೊಡಬೇಕು?

ಅರ್ಧ ಪುಟ, ಕನ್ನಡದಲ್ಲಿ. ಉದ್ಘೋಷಕರು ಅದನ್ನು ಹಾಗೆಯೇ ಓದುವಂತಿರಬೇಕು. ಹೀಗೆ:

"ನಮಸ್ಕಾರ ಮೇಡಂ. ನಾವು ಟಿಳಕವಾಡಿಯ ನಾಲ್ವರು ಸೇರಿ ಕನ್ನಡದಲ್ಲಿ ಹಾಡು ಮಾಡುತ್ತೇವೆ. ಹೊಸ ಹಾಡಿನ ಉದ್ದ 3 ನಿಮಿಷ 40 ಸೆಕೆಂಡ್. ಮಳೆಗಾಲದಲ್ಲಿ ಖಾನಾಪುರ ಕಡೆ ಹೋಗುವ ಕೊನೆಯ ಬಸ್ಸು ತಪ್ಪಿಸಿಕೊಂಡವನ ಕಥೆ. ಮೊದಲ 12 ಸೆಕೆಂಡ್ ವಾದ್ಯ ಮಾತ್ರ, ಅದರ ಮೇಲೆ ನೀವು ಮಾತಾಡಬಹುದು. ಸಾಹಿತ್ಯ, ಸಂಗೀತ ನಮ್ಮದೇ, ಪ್ರಸಾರಕ್ಕೆ ನಮ್ಮ ಒಪ್ಪಿಗೆ ಇದೆ. ಮಾತಾಡಲು ಇಬ್ಬರು ಸಂಜೆ 5ರ ಮೇಲೆ ಬರಬಲ್ಲೆವು."

ಇದರಲ್ಲಿ ವಾದ್ಯ ಮಾತ್ರ ಇರುವ ಸೆಕೆಂಡ್‌ಗಳ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಹಾಡಿನ ಮೇಲೆ ಎಲ್ಲಿವರೆಗೆ ಮಾತಾಡಬಹುದು ಅನ್ನುವುದು ಗೊತ್ತಿದ್ದರೆ ಉದ್ಘೋಷಕರಿಗೆ ಕೆಲಸ ಹಗುರ. ಬ್ಯಾಂಡ್‌ನ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ. ಇಲ್ಲದಿದ್ದರೆ ಪ್ರಸಾರದಲ್ಲಿ ನಿಮ್ಮ ಹೆಸರು ನಿಮಗೇ ಗುರುತು ಸಿಗುವುದಿಲ್ಲ.

ಪತ್ರಿಕೆಗೆ ಸುದ್ದಿ ಹೇಗೆ ಬರೆಯಬೇಕು?

"ಸಂಗೀತ ಲೋಕದಲ್ಲಿ ತನ್ನದೇ ಛಾಪು ಮೂಡಿಸಿರುವ" ಅಂತ ಶುರುವಾದರೆ ಉಪಸಂಪಾದಕರು ಅಲ್ಲಿಗೇ ನಿಲ್ಲಿಸುತ್ತಾರೆ. ಮೊದಲ ಹಾಡು ಮಾಡುವವರ ಛಾಪು ಎಲ್ಲಿ ಮೂಡಿರುತ್ತದೆ, ಹೇಳಿ?

ಬದಲಿಗೆ ಇಂಥದ್ದು ಬರೆಯಿರಿ: "ವಡಗಾವಿಯ ಮನೆಯೊಂದರಲ್ಲಿ ರಾತ್ರಿ ಮಗ್ಗ ನಿಂತ ಮೇಲೆ ಅಭ್ಯಾಸ ಮಾಡುವ ನಾಲ್ವರು ಯುವಕರ ಮೊದಲ ಕನ್ನಡ ಆಲ್ಬಂ ಭಾನುವಾರ ಬಿಡುಗಡೆಯಾಗಲಿದೆ." ಯಾರು, ಎಲ್ಲಿ, ಏನು, ಯಾವಾಗ ಎಲ್ಲ ಒಂದೇ ವಾಕ್ಯದಲ್ಲಿ ಬಂತು. ಮಗ್ಗದ ವಿಷಯ ನಿಜವಾಗಿದ್ದರೆ ಮಾತ್ರ ಬರೆಯಿರಿ. ವರದಿಗಾರರು ಫೋಟೊ ತೆಗೆಯಲು ಮನೆಗೇ ಬರುತ್ತಾರೆ. ನಿಮ್ಮ ಮನೆಯಲ್ಲಿ ಮಗ್ಗ ಇಲ್ಲದಿದ್ದರೆ ಬೇರೆ ಏನೋ ಇದ್ದೇ ಇರುತ್ತದೆ. ಡ್ರಮ್ಮರ್ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿರಬಹುದು, ಗಾಯಕಿ ಭಜನಾ ಮಂಡಳಿಯಿಂದ ಬಂದಿರಬಹುದು. ಜಿಲ್ಲಾ ಪುಟಕ್ಕೆ ಬೇಕಾಗಿರುವುದು ಊರಿನ ಮನುಷ್ಯರು. ಸಂಗೀತದ ಶೈಲಿ ಎರಡನೇ ಪ್ಯಾರಾದಲ್ಲಿ ಬರಲಿ.

150ರಿಂದ 200 ಪದ ಸಾಕು. ಹೆಸರುಗಳನ್ನು ಎರಡು ಸಲ ತಾಳೆ ನೋಡಿ. ಕಾರ್ಯಕ್ರಮ ಇದ್ದರೆ ಜಾಗ, ವೇಳೆ, ಪ್ರವೇಶ ಉಚಿತವೋ ಅಲ್ಲವೋ, ಮೊಬೈಲ್ ನಂಬರ್ ಕೊನೆಯಲ್ಲಿರಲಿ.

ಈಗ ಅಕ್ಷರದ ಕಾಟ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸಿದ ಕಡತ, ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬುಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕಳಿಸಿದರೆ ಫೋನಿನಲ್ಲಿ ಓದಲು ಬರುತ್ತದೆ, ಆದರೆ ಕೆಲವು ಕಚೇರಿಗಳ ಪುಟ ವಿನ್ಯಾಸದ ತಂತ್ರಾಂಶಕ್ಕೆ ಅದನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಹಾಗೆ ಬದಲಿಸುವಾಗ ಒತ್ತಕ್ಷರ ಎಲ್ಲೋ ಒಂದು ಕಡೆ ಹಾರಿಹೋಗುತ್ತದೆ. ನಾನು ಮಾಡುವುದು ಇಷ್ಟು: ಇಮೇಲ್‌ನ ಒಳಗೇ ಯೂನಿಕೋಡ್ ಪಠ್ಯ ಅಂಟಿಸುತ್ತೇನೆ, ಜೊತೆಗೆ ಅದರದೇ ಪಿಡಿಎಫ್ ಇಡುತ್ತೇನೆ. ಅನುಮಾನ ಬಂದರೆ ಅವರು ಪಿಡಿಎಫ್ ನೋಡಿ ಸರಿಮಾಡಿಕೊಳ್ಳುತ್ತಾರೆ. ಪಿಡಿಎಫ್ ಒಂದನ್ನೇ ಕಳಿಸಬೇಡಿ. ಮತ್ತೆ ಟೈಪ್ ಮಾಡುವ ಪುರುಸೊತ್ತು ಯಾರಿಗೂ ಇಲ್ಲ.

ಫೋಟೊ?

ನಾಲ್ಕೂ ಜನರ ಮುಖ ಕಾಣುವ ಒಂದು ಅಡ್ಡ ಫೋಟೊ, ಒಂದು ಉದ್ದ ಫೋಟೊ. ಹೊಗೆ, ನೆರಳು, ಬೆನ್ನು ತಿರುಗಿಸಿ ನಿಲ್ಲುವುದು ಇವೆಲ್ಲ ಆಲ್ಬಂ ಕವರ್‌ಗೆ ಇಟ್ಟುಕೊಳ್ಳಿ. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಕಪ್ಪು ಅಂಗಿ, ಕಪ್ಪು ಹಿನ್ನೆಲೆ ಸೇರಿ ಮಸಿ ಮೆತ್ತಿದಂತೆ ಆಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಫೋಟೊವನ್ನು ಕುಗ್ಗಿಸಿಬಿಡುತ್ತದೆ. "ಎಡದಿಂದ" ಅಂತ ಶುರು ಮಾಡಿ ಹೆಸರು ಬರೆಯಿರಿ.

ಮ್ಯಾಗಜೀನ್‌ಗಳಲ್ಲಿ ಬರುವುದು ಸಾಧ್ಯವಾ?

ಸಾಧ್ಯ, ಆದರೆ ಲೆಕ್ಕಾಚಾರ ಬೇರೆ. ದಿನಪತ್ರಿಕೆಗೆ ಮೂರು ದಿನ ಮೊದಲು ಕೊಟ್ಟರೆ ನಡೆಯುತ್ತದೆ. ಸುಧಾ, ತರಂಗ, ಕರ್ಮವೀರದಂಥ ವಾರಪತ್ರಿಕೆಗೆ ಒಂದು ತಿಂಗಳಾದರೂ ಮೊದಲು ಹೇಳಬೇಕು. ಮಯೂರ, ಕಸ್ತೂರಿಯಂಥ ಮಾಸಿಕಕ್ಕೆ ಇನ್ನೂ ಮೊದಲು. ಅಲ್ಲಿ "ಆಲ್ಬಂ ಬಿಡುಗಡೆ" ಅನ್ನುವುದು ಸುದ್ದಿಯೇ ಅಲ್ಲ, ಪತ್ರಿಕೆ ಅಂಗಡಿಗೆ ಬರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಅವರಿಗೆ ಬೇಕಾದದ್ದು ಲೇಖನ. ಲಾವಣಿಯ ಪಲ್ಲವಿ ಮತ್ತು ರಾಕ್ ಹಾಡಿನ ಪಲ್ಲವಿ ಬಗ್ಗೆ ನಿಮ್ಮ ಗೀತ ರಚನೆಕಾರರೇ ಒಂದು ಬರಹ ಬರೆದರೆ, ಕೆಳಗೆ ಲೇಖಕರ ಪರಿಚಯದಲ್ಲಿ ಬ್ಯಾಂಡ್ ಹೆಸರು ತಾನಾಗಿ ಬರುತ್ತದೆ. ಪರಿಚಯ ಲೇಖನಕ್ಕೆ ಕಾಯುವುದಕ್ಕಿಂತ ಇದು ಒಳ್ಳೆಯ ದಾರಿ ಅಂತ ನನ್ನ ಅನಿಸಿಕೆ.

ಇಂಗ್ಲಿಷ್‌ನಲ್ಲಿ 2008ರಿಂದ ರೋಲಿಂಗ್ ಸ್ಟೋನ್ ಇಂಡಿಯಾ ಇದೆ. ಅದಕ್ಕಿಂತ ಮೊದಲು ದೇಶದ ರಾಕ್ ಬ್ಯಾಂಡ್‌ಗಳಿಗೆ ಮನೆಯಂತಿದ್ದದ್ದು ರಾಕ್ ಸ್ಟ್ರೀಟ್ ಜರ್ನಲ್. ಅದನ್ನು ಅಮಿತ್ ಸೈಗಲ್ 1993ರಲ್ಲಿ ಶುರು ಮಾಡಿದ್ದು ಮುಂಬೈಯಲ್ಲೂ ಅಲ್ಲ, ಬೆಂಗಳೂರಲ್ಲೂ ಅಲ್ಲ, ಅಲಹಾಬಾದಿನಲ್ಲಿ. ಭಾರತೀಯ ಬ್ಯಾಂಡ್‌ಗಳ ಹಾಡು ಸೇರಿಸಿ ಸಂಕಲನ ಹೊರತಂದರು, ದೊಡ್ಡ ಉತ್ಸವ ನಡೆಸಿದರು. "ನಮ್ಮದು ಸಣ್ಣ ಊರು" ಅಂತ ಯಾರಾದರೂ ಹೇಳಿದಾಗ ನನಗೆ ಅಲಹಾಬಾದ್ ನೆನಪಾಗುತ್ತದೆ. ನಾಲ್ಕು ಕಾಲೇಜಿನವರು ಸೇರಿ ಎಂಟು ಪುಟದ ಕನ್ನಡ ರಾಕ್ ಪತ್ರಿಕೆ ಯಾಕೆ ಮಾಡಬಾರದು? ಖಡೇಬಜಾರ್ ಸುತ್ತಮುತ್ತ ಪ್ರಿಂಟಿಂಗ್ ಪ್ರೆಸ್‌ಗೇನು ಬರವೇ?

ಮರಾಠಿ ಪತ್ರಿಕೆಗಳಿಗೂ ಕಳಿಸಬೇಕಾ?

ಬೆಳಗಾವಿಯಲ್ಲಿದ್ದು ಇದನ್ನು ಕೇಳುತ್ತೀರಾ? ಕಳಿಸಿ. ಹಾಡು ಕನ್ನಡದ್ದೇ ಆಗಿರಲಿ, ಟಿಪ್ಪಣಿ ಮರಾಠಿಯಲ್ಲಿರಲಿ. ಬ್ಯಾಂಡ್‌ನಲ್ಲಿ ಮರಾಠಿ ಮನೆಮಾತಿನವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅವರ ಕೈಲಿ ಬರೆಸಿ. ಭಾಷೆಯ ಜಗಳದ ಪ್ರಶ್ನೆ ಕೇಳಿದರೆ ಹಾಡಿನ ವಿಷಯಕ್ಕೆ ಮರಳಿ ಬನ್ನಿ. ಆ ಒಂದು ಸಾಲು ಹೆಡ್‌ಲೈನ್ ಆದರೆ ನಿಮ್ಮ ಹಾಡಿನ ಬಗ್ಗೆ ಯಾರೂ ಓದುವುದಿಲ್ಲ.

ಯಾವಾಗ ಬಿಡುಗಡೆ ಮಾಡಬಾರದು?

ನವೆಂಬರ್ 1ರ ಆಸುಪಾಸು. ರಾಜ್ಯೋತ್ಸವಕ್ಕೆ ಚನ್ನಮ್ಮ ವೃತ್ತದಲ್ಲಿ ಸೇರುವ ಜನರೇ ಪುಟ ತುಂಬಿಸುತ್ತಾರೆ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗಲೂ ಬೇಡ. ವರದಿಗಾರರೆಲ್ಲ ಅಲ್ಲೇ ಇರುತ್ತಾರೆ, ನಿಮ್ಮ ಪತ್ರಿಕಾಗೋಷ್ಠಿಗೆ ಚಹಾ ಮಾತ್ರ ಉಳಿಯುತ್ತದೆ. ಜನವರಿ ಕೊನೆ, ಫೆಬ್ರುವರಿ ಒಳ್ಳೆಯ ಕಾಲ. ವಾರದಲ್ಲಿ ಸೋಮವಾರದ ಪತ್ರಿಕೆಗೆ ಸುದ್ದಿ ಕಡಿಮೆ ಇರುತ್ತದೆ, ಭಾನುವಾರದ ಕಾರ್ಯಕ್ರಮಕ್ಕೆ ಅಲ್ಲಿ ಜಾಗ ಸಿಗುತ್ತದೆ. ಸಂಜೆ ಬೇಗ ಮುಗಿಸಿ, ಏಳು ಗಂಟೆಯೊಳಗೆ ಫೋಟೊ, ನಾಲ್ಕು ಸಾಲು ಕಳಿಸಿ.

ಸುದ್ದಿ ಹಾಕಲು ದುಡ್ಡು ಕೇಳಿದರೆ?

ಜಾಹೀರಾತಾದರೆ ಜಾಹೀರಾತು ಅಂತ ಅಚ್ಚಾಗಲಿ, ರಸೀದಿ ಕೊಡಲಿ. ಅದರಲ್ಲಿ ತಪ್ಪಿಲ್ಲ. ಸಂದರ್ಶನ ಅಂತ ಕರೆದು ಕೊನೆಗೆ "ಸ್ವಲ್ಪ ನೋಡ್ಕೊಳ್ರಿ" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಒಮ್ಮೆ ಒಬ್ಬರು ನಮ್ಮಿಂದ "ಮುಖಪುಟ"ಕ್ಕೆ ಅಂತ ಹಣ ಪಡೆದು ಪತ್ರಿಕೆಯನ್ನೇ ಹೊರತರಲಿಲ್ಲ. ಅದೇ ದುಡ್ಡಿನಲ್ಲಿ ಹಾಡನ್ನು ಸರಿಯಾಗಿ ಮಾಸ್ಟರಿಂಗ್ ಮಾಡಿಸಬಹುದಿತ್ತು.

ಕವಿತೆಗೆ ನಾವೇ ಧಾಟಿ ಹಾಕಿದ್ದೇವೆ. ಪ್ರಸಾರಕ್ಕೆ ತೊಂದರೆ ಇದೆಯಾ?

ಯಾರ ಕವಿತೆ ಅನ್ನುವುದರ ಮೇಲೆ ಹೋಗುತ್ತದೆ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ತತ್ವಪದಗಳಿಗೆ ಅನುಮತಿ ಬೇಕಿಲ್ಲ. ಬಸವಣ್ಣನವರ ವಚನಕ್ಕೂ ಬೇಕಿಲ್ಲ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಹಾಗಾಗಿ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇದೆ. ಕುಟುಂಬದವರಿಂದ ಅಥವಾ ಹಕ್ಕು ಹೊಂದಿದವರಿಂದ ಲಿಖಿತ ಒಪ್ಪಿಗೆ ತರಬೇಕು. ಕೆ.ಎಸ್. ನರಸಿಂಹಸ್ವಾಮಿಯವರು 2003ರವರೆಗೆ ಇದ್ದವರು, ಅದು ಇನ್ನೂ ದೂರ.

ಸಾಹಿತ್ಯ ಮುಕ್ತ ಇದ್ದ ಮಾತ್ರಕ್ಕೆ ಧಾಟಿ ಮುಕ್ತ ಅಲ್ಲ. ಶರೀಫರ ಪದಕ್ಕೆ ಹೆಸರಾಂತ ಗಾಯಕರೊಬ್ಬರು ಹಾಕಿದ ಧಾಟಿಯನ್ನು ಹಾಗೇ ಎತ್ತಿಕೊಂಡು, ಹಿಂದೆ ಗಿಟಾರ್ ಸೇರಿಸಿದರೆ ಅದು ನಿಮ್ಮದಾಗುವುದಿಲ್ಲ. ಸ್ಟೇಷನ್‌ನವರು ಮೊದಲು ಕೇಳುವುದೇ ಇದನ್ನು.

ಐಪಿಆರ್‌ಎಸ್, ಐಎಸ್‌ಆರ್‌ಸಿ ಅಂತೆಲ್ಲ ಹೇಳುತ್ತಾರಲ್ಲ?

ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) 1969ರಿಂದ ಇರುವ ಸಂಸ್ಥೆ. ಹಾಡು ಬರೆದವರು, ಧಾಟಿ ಹಾಕಿದವರು ಸದಸ್ಯರಾದರೆ ಅವರ ಪರವಾಗಿ ರಾಯಲ್ಟಿ ವಸೂಲಿ ಮಾಡುತ್ತದೆ. ಐಎಸ್‌ಆರ್‌ಸಿ ಅಂದರೆ ರೆಕಾರ್ಡಿಂಗ್‌ಗೆ ಕೊಡುವ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ. ಆನ್‌ಲೈನ್ ಡಿಸ್ಟ್ರಿಬ್ಯೂಟರ್ ಮೂಲಕ ಹಾಡು ಹಾಕಿದರೆ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಅದನ್ನು ನಿಮ್ಮ ಅರ್ಧ ಪುಟದ ಕೊನೆಯಲ್ಲಿ ಬರೆಯಿರಿ. ಯಾರು ಏನು ಬರೆದರು ಅನ್ನುವುದನ್ನು ಹಾಡು ಹೊರಬರುವ ಮೊದಲೇ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿ. ಗೆಳೆತನ ಚೆನ್ನಾಗಿರುವಾಗಲೇ ಹಾಕಿ.

ಕವರ್ ಹಾಡಿನಿಂದ (ಬೇರೆಯವರ ಹಾಡನ್ನು ಮತ್ತೆ ಹಾಡಿ) ಹೆಸರು ಮಾಡಬಹುದಾ?

ವೇದಿಕೆಯಲ್ಲಿ ಜನ ಸೇರಿಸಲು ಆಗುತ್ತದೆ. ಪತ್ರಿಕೆ, ರೇಡಿಯೊಗೆ ಮಾತ್ರ ಉಪಯೋಗ ಕಡಿಮೆ. ಇಂಗ್ಲಿಷ್ ಹಾಡಿಗೆ ಕನ್ನಡ ಪದ ಹಾಕಿ ರೆಕಾರ್ಡ್ ಮಾಡುವುದಂತೂ ಮೂಲ ಹಕ್ಕುದಾರರ ಅನುಮತಿ ಇಲ್ಲದೆ ಮಾಡುವ ಕೆಲಸ ಅಲ್ಲ.

ಕಳಿಸಿ ಹದಿನೈದು ದಿನ ಆಯಿತು, ಉತ್ತರವೇ ಇಲ್ಲ. ಏನು ಮಾಡುವುದು?

ಒಮ್ಮೆ ಫೋನ್ ಮಾಡಿ, ಹಾಡು ತಲುಪಿತಾ ಅಂತ ಅಷ್ಟೇ ಕೇಳಿ. "ಯಾಕೆ ಹಾಕಲಿಲ್ಲ" ಅಂತ ಕೇಳಬೇಡಿ. ಪತ್ರಿಕೆಗೆ ಮಧ್ಯಾಹ್ನ ಫೋನ್ ಮಾಡಿ, ಸಂಜೆ ಆರರ ಮೇಲೆ ಪುಟ ಕಟ್ಟುವ ಗಡಿಬಿಡಿ ಇರುತ್ತದೆ. ರೇಡಿಯೊದವರಿಗೆ ಪ್ರಸಾರ ನಡೆಯುವಾಗ ಮಾಡಬೇಡಿ. ಮತ್ತೂ ಉತ್ತರ ಇಲ್ಲದಿದ್ದರೆ ಆ ಹಾಡು ಬಿಡಿ, ಮುಂದಿನ ಹಾಡು ಕಳಿಸಿ. ಎರಡನೇ ಸಲ ಹೆಸರು ನೋಡಿದಾಗ "ಇವರು ಮೊದಲೂ ಕಳಿಸಿದ್ರಲ್ಲ" ಅನಿಸುತ್ತದೆ. ಮೂರನೇ ಸಲಕ್ಕೆ ಬಾಗಿಲು ತೆರೆದ ಉದಾಹರಣೆಗಳನ್ನು ನಾನು ನೋಡಿದ್ದೇನೆ.

ಹಾಡು ಪ್ರಸಾರ ಆಗುವ ದಿನ ಏನು ಮಾಡಬೇಕು?

ವೇಳೆ ಗೊತ್ತಾದ ಕೂಡಲೇ ಎಲ್ಲರಿಗೂ ಹೇಳಿ. ಆಕಾಶವಾಣಿ ಕೇಂದ್ರಗಳು ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಸಿಗುತ್ತವೆ. ಪುಣೆಯಲ್ಲಿರುವ ಅಣ್ಣನೂ, ದುಬೈಯಲ್ಲಿರುವ ಕಾಕಾನೂ ಕೇಳಬಹುದು. ಪ್ರಸಾರವನ್ನು ರೆಕಾರ್ಡ್ ಮಾಡಿ ದಿನಾಂಕ ಬರೆದಿಡಿ, ಮುಂದಿನ ಸ್ಟೇಷನ್‌ಗೆ ಹೋದಾಗ ಹೇಳಲು ಬರುತ್ತದೆ. ಕೇಳುಗರ ಹೆಸರಿನಲ್ಲಿ ನೀವೇ ಹತ್ತು ಪತ್ರ ಬರೆಯುವ ಉಪಾಯ ಮಾತ್ರ ಬೇಡ. ಎಲ್ಲದರಲ್ಲೂ ಒಂದೇ ಕಾಗುಣಿತ ತಪ್ಪು ಇದ್ದರೆ ಅವರಿಗೆ ಗೊತ್ತಾಗದೆ ಇರುತ್ತದಾ?

ಬ್ಯಾಂಡ್‌ನಲ್ಲಿ ಈ ಕೆಲಸ ಯಾರು ಮಾಡಬೇಕು?

ಒಬ್ಬರೇ. ಎಲ್ಲ ಕಡೆ ಒಂದೇ ಹೆಸರು, ಒಂದೇ ನಂಬರ್ ಕೊಡಿ. ಚೆನ್ನಾಗಿ ಹಾಡುವವರಿಗಿಂತ ಫೋನ್ ತಪ್ಪದೆ ಎತ್ತುವವರು ಇದಕ್ಕೆ ಸರಿ. ಆಲ್ಬಂ ತಡವಾದರೆ, ಕಾರ್ಯಕ್ರಮ ರದ್ದಾದರೆ ಪತ್ರಿಕೆಯವರಿಗೆ ಮೊದಲು ತಿಳಿಸುವ ಧೈರ್ಯ ಅವರಿಗಿರಬೇಕು. ಡ್ರಮ್ಮರ್‌ಗೆ ಈ ಕೆಲಸ ಕೊಡಬೇಡಿ. ಸ್ಟೇಷನ್‌ನಿಂದ ಫೋನ್ ಬರುವ ಹೊತ್ತಿಗೆ ಸರಿಯಾಗಿ ಅವನು ಅಭ್ಯಾಸ ಮಾಡುತ್ತಿರುತ್ತಾನೆ, ರಿಂಗ್ ಕೇಳಿಸುವುದಿಲ್ಲ.